ಆ ಹಣ ಯಾರ ಹಂಗೂ ಅಲ್ಲ

ಅಮ್ಮಾ, ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ವಿಷಯ ಮಾತ್ರ ಹೇಳುತ್ತೇನೆ. ನಿಮ್ಮ ಯಜಮಾನರ ಬಲಗೈ ಯಂತ್ರಕ್ಕೆ ಸಿಕ್ಕಿ ಐದು ತಿಂಗಳಾಯಿತು. ಸಂಬಳದ ಒಂದು ಪಾಲು ಪರಿಹಾರವಾಗಿ ಬರುತ್ತಿದೆ. "ಕೂತಲ್ಲೇ ದುಡ್ಡು, ಪುಣ್ಯವಂತರು" ಎಂದು ನೆಂಟರು ಆಡಿಕೊಳ್ಳುತ್ತಾರೆ. ಅದನ್ನು ಕೇಳಿ ಕೇಳಿ ಅವರು, ಈ ಹಣವೇ ಬೇಡ, ಹೇಗೋ ಕೆಲಸಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾರೆ. ಇದು ಭಿಕ್ಷೆಯೇ ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಗಾಯಗೊಂಡ ಕಾರ್ಮಿಕ ಕೋರ್ಟಿಗೆ ಹೋದರೆ ಮಾಲೀಕರ ಬಾಯಲ್ಲಿ ಮೂರು ಮಾತು ಸಿದ್ಧವಾಗಿರುತ್ತಿದ್ದವು. ನೀನೇ ಎಚ್ಚರ ತಪ್ಪಿದೆ. ತಪ್ಪು ನಿನ್ನ ಜೊತೆಯವನದು. ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದೆ. ಈ ಮೂರರಲ್ಲಿ ಒಂದು ನಿಂತರೂ ಸಾಕು, ಬರಿಗೈ. 1884ರಲ್ಲಿ ಜರ್ಮನಿ ಬೇರೆ ದಾರಿ ಹಿಡಿಯಿತು. ತಪ್ಪು ಯಾರದು ಎಂದು ಕೇಳುವುದನ್ನೇ ಬಿಟ್ಟು, ಮಾಲೀಕರೆಲ್ಲ ಸೇರಿ ತುಂಬುವ ವಿಮೆಯಿಂದ ಹಣ ಕೊಡುವ ಕಾನೂನು ಮಾಡಿತು. 1897ರಲ್ಲಿ ಬ್ರಿಟನ್ನಿನ ಕಾನೂನೂ ಬಂತು. ಇವತ್ತು ಅನೇಕ ದೇಶಗಳಲ್ಲಿ ಇರುವುದು ಒಂದು ಕೊಡು-ಕೊಳ್ಳುವ ಲೆಕ್ಕ: ಕಾರ್ಮಿಕ ಮಾಲೀಕರ ಮೇಲೆ ದಾವೆ ಹೂಡುವ ಹಕ್ಕು ಬಿಟ್ಟುಕೊಡುತ್ತಾನೆ, ಬದಲಿಗೆ ಖಚಿತವಾಗಿ ಹಣ ಬರುತ್ತದೆ. ಕೊಟ್ಟು ಪಡೆದದ್ದು ಭಿಕ್ಷೆ ಹೇಗಾಗುತ್ತದೆ?

ನನಗೆ ಬೇಸರವಿರುವುದು ಆ ಹಣ ಕಡಿಮೆ ಎಂಬುದಕ್ಕೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1964ರ ಒಪ್ಪಂದ, ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ ಕೆಲಸಗಾರನಿಗೆ ಹಿಂದಿನ ಗಳಿಕೆಯ ಶೇಕಡಾ 60ರ ಮಟ್ಟವನ್ನು ಕನಿಷ್ಠ ಎಂದು ಇಟ್ಟಿತು. ನ್ಯೂಜಿಲೆಂಡಿನಲ್ಲಿ ಶೇಕಡಾ 80 ಕೊಡುತ್ತಾರೆ. ಪೂರ್ತಿ ಕೊಟ್ಟರೆ ಯಾರೂ ಕೆಲಸಕ್ಕೆ ಮರಳುವುದಿಲ್ಲ ಎಂಬ ವಾದವಿದೆ. ನಾನು ಒಪ್ಪುವುದಿಲ್ಲ. ಬಾಡಿಗೆ ಅಷ್ಟೇ ಇರುತ್ತದೆ, ಔಷಧಿ ಖರ್ಚು ಜಾಸ್ತಿಯಾಗುತ್ತದೆ, ಗಾಯವಾದವರ ಮನೆಗೆ ಮಾತ್ರ ಕಡಿತ ಯಾಕೆ? ಒಂದು ವಿಷಯ ನೋಡಿಕೊಳ್ಳಿ: ಅವರು ತಿಂಗಳಿಡೀ ಓವರ್‌ಟೈಮ್ ಮಾಡುತ್ತಿದ್ದರು ಎಂದಿದ್ದೀರಿ. ಅದನ್ನು ಗಳಿಕೆಗೆ ಸೇರಿಸಿದ್ದಾರೋ ಇಲ್ಲವೋ ಎಂದು ಹಳೆಯ ಸಂಬಳದ ಚೀಟಿಗಳನ್ನು ಇಟ್ಟುಕೊಂಡು ಕೇಳಿ. ಬಿಟ್ಟುಹೋಗಿದ್ದರೆ ಪ್ರತಿ ತಿಂಗಳೂ ಅಷ್ಟಷ್ಟು ಕಮ್ಮಿ ಬರುತ್ತಿರುತ್ತದೆ.

ಹಗುರ ಕೆಲಸ ಕೊಡುತ್ತೇವೆ ಎಂದು ಮಾಲೀಕರು ಕರೆದಿದ್ದಾರಂತೆ. ಹೋಗಬಾರದು ಎಂದೇನಿಲ್ಲ. ಎಷ್ಟು ಭಾರ ಎತ್ತಬಹುದು, ಎಷ್ಟು ಹೊತ್ತು ನಿಲ್ಲಬಹುದು ಎಂದು ಮೊದಲು ಡಾಕ್ಟರು ಬರೆದುಕೊಡಲಿ. ಆ ಕೆಲಸಕ್ಕೆ ಸಂಬಳ ಕಮ್ಮಿಯಾದರೆ, ಎಷ್ಟೋ ಕಡೆ ವ್ಯತ್ಯಾಸದ ಒಂದು ಪಾಲನ್ನು ಪರಿಹಾರದಿಂದ ತುಂಬುತ್ತಾರೆ. ಅದನ್ನೂ ವಿಚಾರಿಸಿ. ಅರ್ಜಿಯನ್ನು ಮಾತ್ರ ಸಿಟ್ಟಿನಲ್ಲಿ ವಾಪಸ್ ತೆಗೆದುಕೊಳ್ಳಬೇಡಿ. ಕೈ ಮತ್ತೆ ಊದಿಕೊಂಡರೆ ಹೊಸದಾಗಿ ಶುರು ಮಾಡುವುದು ಬಹಳ ಕಷ್ಟ.

ನೀವು ಕೊನೆಯಲ್ಲಿ ಬರೆದ ಸಾಲು ನನ್ನನ್ನು ಕಾಡಿತು. ನೋವು ಹೇಗಿದೆ ಎಂದು ಡಾಕ್ಟರು ಕೇಳಿದಾಗಲೆಲ್ಲ ಅವರು "ಪರವಾಗಿಲ್ಲ" ಎಂದುಬಿಡುತ್ತಾರೆ, ರಾತ್ರಿ ಮಾತ್ರ ನಿದ್ದೆಯಿಲ್ಲ ಅಲ್ವಾ? ಡಾಕ್ಟರು ಆ "ಪರವಾಗಿಲ್ಲ"ವನ್ನೇ ಬರೆದುಕೊಳ್ಳುತ್ತಾರೆ, ಹಣ ಕೊಡುವವರು ಅದನ್ನೇ ಓದುತ್ತಾರೆ. ಮುಂದಿನ ಸಲ ನೀವೂ ಜೊತೆಗೆ ಹೋಗಿ. ರಾತ್ರಿಯ ವಿಷಯ ನೀವೇ ಹೇಳಿ.

— ಸಂಪಾದಕ