ದಾದರ್ ಬಂತು, ವಿಷಯ ಬರಲಿಲ್ಲ

ಪುಣೆಯ ಗೆಳೆಯರೇ,

ನೆಟ್‌ವರ್ಕ್ ಸಮ್ಮೇಳನಕ್ಕೆ ನೀವು ಕಳಿಸಿದ ಟಾಕ್ ಪ್ರಪೋಸಲ್ ಓದಿದೆ. ಲಿಂಕ್ ಕೆಟ್ಟಾಗ ಬಿಜಿಪಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಪದ್ಧತಿ) ಬೇಗ ದಾರಿ ಬದಲಿಸುವಂತೆ ಮಾಡಿದ ಕತೆ. ಕೆಲಸ ಒಳ್ಳೆಯದು, ಕನ್ನಡವೂ ಶುದ್ಧವಾಗಿದೆ. ಆದರೂ ಓದುತ್ತಾ ಸಿಟ್ಟು ಬಂತು.

ನಿಮ್ಮ ಮೊದಲ ಸಾಲು: ‘2008ರ ಫೆಬ್ರವರಿ 24ರಂದು ಯೂಟ್ಯೂಬ್ ಮಾಯವಾಯಿತು.’ ಸರಿ, ಆಯಿತು. ಪಾಕಿಸ್ತಾನ್ ಟೆಲಿಕಾಂ ಯೂಟ್ಯೂಬ್‌ನ ದೊಡ್ಡ ವಿಳಾಸ ಗುಂಪಿನೊಳಗಿನ (/22) ಒಂದು ಚಿಕ್ಕ ಗುಂಪು (/24) ತನ್ನದೆಂದು ಸಾರಿತು. ರೂಟರ್‌ಗಳು ಚಿಕ್ಕ ಗುಂಪಿನ, ಅಂದರೆ ಹೆಚ್ಚು ನಿಖರವಾದ ದಾರಿಯನ್ನೇ ನಂಬುತ್ತವೆ, ಟ್ರಾಫಿಕ್ ಅತ್ತ ಹೋಯಿತು. ಇದು ಗೊತ್ತಿಲ್ಲದವರು ನಮ್ಮ ಸಭೆಗೆ ಬರುವುದೇ ಕಡಿಮೆ. ಅದಿರಲಿ, ಅದು ದಾರಿ ತಪ್ಪಿಸಿದ ಕತೆ. ನಿಮ್ಮದು ಫೈಬರ್ ಕಡಿದ ಕತೆ. ಎರಡಕ್ಕೂ ಏನು ಸಂಬಂಧ? ಸುಮ್ನೆ ತೂಕಕ್ಕಿರಲಿ ಅಂತ ಹಾಕಿದ್ದೀರಿ, ಅಲ್ವಾ?

ನಾನೂ ಹಾಕುತ್ತಿದ್ದೆ. ಮುಂಬಯಿಯ ಅಂಧೇರಿಯಲ್ಲಿ ಕೆಲಸಕ್ಕಿದ್ದಾಗ ನನ್ನ ಮೊದಲ ಪ್ರಪೋಸಲ್ಲನ್ನು ಆಫೀಸಿನ ಹಿರಿಯರೊಬ್ಬರಿಗೆ ಕೊಟ್ಟೆ. ಕುಂದಾಪುರದ ಕಡೆಯವರು. ಸ್ಲೋ ಲೋಕಲ್‌ನಲ್ಲಿ ನಿಂತೇ ಓದಿದರು. ಒಂದು ಕೈಲಿ ಹಿಡಿಕೆ, ಇನ್ನೊಂದರಲ್ಲಿ ನನ್ನ ಎರಡು ಹಾಳೆ. ಪಾರ್ಲೆ, ಸಾಂತಾಕ್ರೂಜ್, ಖಾರ್, ಬಾಂದ್ರಾ. ಮಾತಿಲ್ಲ. ಇಳಿಯುವಾಗ ಹಾಳೆ ನನ್ನ ಜೇಬಿಗೆ ತುರುಕಿ, ‘ದಾದರ್ ಬಂತು ಮಾರಾಯ, ನಿನ್ನ ವಿಷಯ ಬರ್ಲಿಲ್ಲ’ ಅಂದರು.

ನಿಮ್ಮ ವಿಷಯ ಬರುವುದು ನಾಲ್ಕನೇ ಪ್ಯಾರಾದಲ್ಲಿ. ಹಿಂಜವಡಿಯಲ್ಲಿ ರಸ್ತೆ ಅಗೆಯುವವರು ಫೈಬರ್ ಕಡಿದರು. ನಡುವೆ ಸ್ವಿಚ್ ಇದ್ದದ್ದಕ್ಕೆ, ಅದರಾಚೆ ಕಡಿದದ್ದು ಗೊತ್ತಾಗದೆ ನಿಮ್ಮ ರೂಟರ್‌ನ ದೀಪ ಹಸಿರಾಗಿಯೇ ಉರಿಯಿತು. ಆಚೆ ಕಡೆಯ ಸುದ್ದಿಯಿಲ್ಲದೆ ಬಿಜಿಪಿ ಕಾಯುವ ಅವಧಿ, ಹೋಲ್ಡ್ ಟೈಮರ್, 180 ಸೆಕೆಂಡ್. ಮೂರು ನಿಮಿಷ ಟ್ರಾಫಿಕ್ಕೆಲ್ಲ ಗುಂಡಿಗೆ. ಇಲ್ಲಿಂದ ಶುರು ಮಾಡಿ!

ಆಮೇಲೆ ಬರೆಯುತ್ತೀರಿ: ‘ಬಿಎಫ್‌ಡಿ ಅಳವಡಿಸಲಾಯಿತು. ಕೆಲವು ಸವಾಲುಗಳು ಎದುರಾದವು. ಅವಧಿಯನ್ನು ಪರಿಷ್ಕರಿಸಲಾಯಿತು.’ ಈ ‘ಲಾಯಿತು’ ಕಂಡರೆ ನನಗಾಗದು. ಅಳವಡಿಸಿದ್ದು ಯಾರು, ದೆವ್ವವೇ? ಯಾವ ಸವಾಲು? ನಿಮ್ಮ ಕೊನೆಯ ಗ್ರಾಫ್ ನೋಡಿ ನಾನೇ ಊಹಿಸಬೇಕಾಯಿತು. ಬಿಎಫ್‌ಡಿಯ ಕೆಲಸ 300 ಮಿಲಿಸೆಕೆಂಡಿಗೊಮ್ಮೆ ಲಿಂಕಿನ ನಾಡಿ ನೋಡುವುದು, ಸತತ ಮೂರು ತಪ್ಪಿದರೆ ಬಿಜಿಪಿ ಸೆಷನ್ ಕಟ್. ನಿಮ್ಮ ಹಳೇ ರೂಟರ್‌ನಲ್ಲಿ ಆ ಕೆಲಸವೂ ಸಿಪಿಯುವಿನದೇ. ಇಡೀ ರೂಟಿಂಗ್ ಟೇಬಲ್ (ದಾರಿಗಳ ಪಟ್ಟಿ) ಇಳಿಸಿಕೊಳ್ಳುವಾಗ ಅದಕ್ಕೆ ಉಸಿರು ಕಟ್ಟಿತು, 900 ಮಿಲಿಸೆಕೆಂಡ್ ದಾಟಿತು, ಚೆನ್ನಾಗಿದ್ದ ಲಿಂಕನ್ನೇ ಸತ್ತಿದೆ ಅಂದಿತು. ಸೆಷನ್ ಬಿದ್ದದ್ದಕ್ಕೆ ಮತ್ತೆ ಟೇಬಲ್, ಟೇಬಲ್ಲಿಗೆ ಮತ್ತೆ ಬೀಳುವುದು. ಬೆಳಗಿನವರೆಗೆ ಅದೇ ಗೋಳು. ಕೊನೆಗೆ 1 ಸೆಕೆಂಡಿಗೆ ಸಡಿಲಿಸಿದಿರಿ.

ಆ ರಾತ್ರಿಯನ್ನು ಮೂರು ಸಾಲಲ್ಲಿ ಮುಚ್ಚಿಟ್ಟು, ಯೂಟ್ಯೂಬಿಗೆ ಎಂಟು ಸಾಲು ಕೊಟ್ಟಿದ್ದೀರಿ. ‘ನಾನು 300 ಇಟ್ಟೆ, ಲಿಂಕ್ ಪದೇ ಪದೇ ಬಿತ್ತು’ ಅಂತ ಬರೆಯಿರಿ. ಕಂಪನಿಯ ಹೆಸರು ಬೇಕಿಲ್ಲ.

ಸ್ಲೈಡ್‌ಗಳನ್ನು ನಾನಿನ್ನೂ ನೋಡಿಲ್ಲ. ಶುಕ್ರವಾರದೊಳಗೆ ತಿದ್ದಿ ಕಳಿಸಿ, ಅರ್ಧ ಪುಟ ಸಾಕು. ನಾನೀಗ ಅಂಧೇರಿಯಲ್ಲಿ ಹತ್ತಿದರೆ ಪಾರ್ಲೆಯಲ್ಲೇ ಇಳಿಯುವವನು.