ಚೀನಾ ಬ್ಯಾಂಕಲ್ಲಿ ನಮ್ ಪಾಲು

ಪ್ರಶ್ನೆ: ಸಾರ್, ಚೀನಾದೋರು ಕಟ್ಟಿರೋ, ರಸ್ತೆ-ರೈಲು ಥರದ ಕೆಲ್ಸಕ್ಕೆ ಸಾಲ ಕೊಡೋ ಎಐಐಬಿ (ಏಷ್ಯನ್ ಇನ್‌ಫ್ರಾಸ್ಟ್ರಕ್ಚರ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್) ಅನ್ನೋ ಬ್ಯಾಂಕಿಂದ ನಾವೂ ಸಾಲ ತಗೊಂಡಿದೀವಂತೆ, ಹೌದಾ? – ಓದುಗರು, ಮಂಡ್ಯ

ಉತ್ತರ: ಹೌದು ಕಣ್ರೀ. ಮಂಡ್ಯದಿಂದ ರೈಲಲ್ಲಿ ಬೆಂಗ್ಳೂರಿಗೆ ಹೋಗಿ ಮೆಟ್ರೋ ಹತ್ತೀರಲ್ಲ, ಅದ್ರ ಗೊಟ್ಟಿಗೆರೆ-ನಾಗವಾರ ಲೈನಿಗೇ 2017ರಲ್ಲಿ 33.5 ಕೋಟಿ ಡಾಲರ್ ಸಾಲ ಒಪ್ಕೊಂಡಿದ್ದು ಈ ಬ್ಯಾಂಕು. 2016ರಲ್ಲಿ ಬೀಜಿಂಗಲ್ಲಿ ಶುರುವಾಯ್ತು, ಅಮೆರಿಕ ಸೇರ್ಲಿಲ್ಲ, ಬ್ರಿಟನ್ ಸೇರ್ಕೊಂಡ್ತು. ಚೀನಾ ಬಿಟ್ರೆ ದೊಡ್ಡ ಪಾಲು ನಮ್ದೇ, ಆದ್ರೆ ಅಷ್ಟಕ್ಕೇ ಖುಷಿ ಪಡೋ ಹಂಗಿಲ್ಲ, ಯಾಕಂದ್ರೆ ಮುಖ್ಯ ತೀರ್ಮಾನಗಳಿಗೆ ಮುಕ್ಕಾಲು ಭಾಗ ವೋಟು ಬೇಕು, ಚೀನಾ ಒಂದ್ರ ಹತ್ರನೇ ಕಾಲು ಭಾಗಕ್ಕಿಂತ ಜಾಸ್ತಿ ಇದೆ, ಅವ್ರು ಬೇಡ ಅಂದ್ರೆ ಮುಗೀತು. ಕಷ್ಟದಲ್ಲಿರೋ ದೇಶಗಳಿಗೆ ಸಾಲ ಕೊಡೋ ಐಎಂಎಫಲ್ಲಿ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಅಮೆರಿಕ ಹಿಡ್ಕೊಂಡಿರೋದೂ ಇದೇ ಜುಟ್ಟು. ಸಾಲ ತಗೊಳ್ಳಿ, ತಪ್ಪಿಲ್ಲ, ಪತ್ರ ಮಾತ್ರ ಪೂರ್ತಿ ಓದಿ ಸೈನ್ ಹಾಕ್ಬೇಕು.