ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಗಿಡಗಳಿಂದ ಔಷಧಿ ಸಿಗುತ್ತದೆಯೇ?

ಸಿಗುತ್ತದೆ, ಇದು ಹೊಸದೇನೂ ಅಲ್ಲ. ಹಿಂದೆ ‘ಗೋವಾ ಪುಡಿ’ ಅಂತ ಒಂದಿತ್ತು. ಬ್ರೆಜಿಲ್‌ನ ಅರರೋಬಾ ಮರದಿಂದ ಸಿಗುವ ಪುಡಿ ಅದು. ಪೋರ್ಚುಗೀಸರ ಮೂಲಕ ಗೋವಾಕ್ಕೆ ಬಂದು ಆ ಹೆಸರು ಪಡೆಯಿತು, ಹುಳುಕಡ್ಡಿಗೆ ಹಚ್ಚುತ್ತಿದ್ದರು. 1870ರ ದಶಕದಲ್ಲಿ ಲಂಡನ್ನಿನ ವೈದ್ಯ ಬಾಲ್ಮನೋ ಸ್ಕ್ವೈರ್ ಅದನ್ನು ಸೋರಿಯಾಸಿಸ್‌ಗೆ ಬಳಸಿದರು, ಗುಣ ಕಂಡಿತು. ಅದರ ಸಾರವನ್ನೇ ಹೋಲುವ ಡೈಥ್ರನಾಲ್ ಎಂಬ ಹಚ್ಚುವ ಔಷಧಿ 1916ರಲ್ಲಿ ಬಂತು. ಚರ್ಮ ಉರಿಯುತ್ತದೆ, ಬಟ್ಟೆಗೆ ಕಲೆ ಹಿಡಿಯುತ್ತದೆ, ಆದರೆ ಕೆಲಸ ಮಾಡುತ್ತದೆ.

ಇನ್ನೊಂದು ನಮಗೆ ಗೊತ್ತಿರುವ ಬಾವಂಚಿ ಬೀಜ. ಅದರಲ್ಲಿ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಸೊರಾಲೆನ್ ಇದೆ. ಅದೇ ಗುಂಪಿನ ಔಷಧಿ ಕೊಟ್ಟು, ಆಮೇಲೆ ಅಳತೆಯ ಯುವಿಎ (ಒಂದು ಬಗೆಯ ಅತಿನೇರಳೆ) ಬೆಳಕು ಬಿಟ್ಟರೆ, ಅತಿ ವೇಗವಾಗಿ ಬೆಳೆಯುವ ಚರ್ಮದ ಕೋಶಗಳು ನಿಧಾನವಾಗುತ್ತವೆ. ಇದೇ 1970ರ ದಶಕದಿಂದ ಬಳಕೆಯಲ್ಲಿರುವ ಪ್ಯೂವಾ ಚಿಕಿತ್ಸೆ. ದಯವಿಟ್ಟು ಮನೆಯಲ್ಲಿ ಬಾವಂಚಿ ಹಚ್ಚಿಕೊಂಡು ಬಿಸಿಲಿಗೆ ಕೂರಬೇಡಿ. ಬೊಬ್ಬೆ ಏಳುವಷ್ಟು ಸುಡುತ್ತದೆ.

ನನಗೆ ಜಾಸ್ತಿ ಭರವಸೆ ಇರುವುದು ನೀಲಿ ಗಿಡದ ಎಲೆಯಿಂದ ಮಾಡುವ ಚೀನಾದ ‘ಚಿಂಗ್ ದಾಯ್’ ಮೇಲೆ. ತೈವಾನ್‌ನ ಪ್ರಯೋಗಗಳಲ್ಲಿ ಅದರ ಮುಲಾಮಿನಿಂದ ಸೋರಿಯಾಸಿಸ್ ಕಲೆಗಳು ಚೆನ್ನಾಗಿ ಇಳಿದವು. ಅದರಲ್ಲಿರುವ ಇಂಡಿರುಬಿನ್ ಉರಿಯೂತ ತಗ್ಗಿಸುತ್ತದೆ. ಆದರೆ ಹೊಟ್ಟೆಗೆ ತೆಗೆದುಕೊಂಡ ಕೆಲವರಿಗೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದ್ದು ಜಪಾನ್‌ನಲ್ಲಿ ಕಂಡಿದೆ.

ಅರಿಸಿನದ ಕರ್ಕ್ಯುಮಿನ್? ಪ್ರಯೋಗಗಳು ಚಿಕ್ಕವು, ಅದು ರಕ್ತಕ್ಕೆ ಸೇರುವುದೂ ಕಡಿಮೆ. ಅಡುಗೆಗೆ ಹಾಕಿ, ಅದನ್ನೇ ನಂಬಿ ಮಾತ್ರೆ ನಿಲ್ಲಿಸಬೇಡಿ. ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುತ್ತಿದ್ದರಂತೂ ಯಾವ ಮೂಲಿಕೆ ಶುರು ಮಾಡುವ ಮೊದಲೂ ಚರ್ಮದ ಡಾಕ್ಟರಿಗೆ ಹೇಳಿ. ಎರಡೂ ಸೇರಿ ಯಕೃತ್ತಿಗೆ ಪೆಟ್ಟಾಗಬಹುದು.